ಉಪಕರಣಾಂತರ್ಧಾನ ಮೀಮಾಂಸೆ: ಅಂಕೋಲಾ ತಾಲೂಕನ್ನು ಅನುಲಕ್ಷಿಸಿ

"ಇಲ್ಲೇ ಇಟ್ಟಿದ್ದೆ ಮಾರಾಯಾ" ಎಂಬ ವಾಕ್ಯವೇ ಪ್ರಸ್ತುತ ಅಧ್ಯಯನದ ಪ್ರಾಥಮಿಕ ಆಕರ. ಅಂಕೋಲಾ ಪೇಟೆಯ ಗ್ಯಾರೇಜು, ಬಡಗಿಯ ಚಪ್ಪರ, ವೆಲ್ಡಿಂಗ್ ಅಂಗಡಿ, ಬೇಲೆಕೇರಿಯ ಬೋಟು ರಿಪೇರಿಯ ದಂಡೆ, ಎಲ್ಲಿ ಹೋದರೂ ಇದು ಅಕ್ಷರ ಬದಲಾಗದೆ ದೊರೆಯುವುದರಿಂದ ಪಾಠಾಂತರದ ಪ್ರಶ್ನೆಯೇ ಏಳುವುದಿಲ್ಲ. ವಿದ್ವಾಂಸರು ಈವರೆಗೆ ಇತ್ತ ಗಮನ ಹರಿಸದಿರುವುದು ವಿಷಾದನೀಯ. ಹರಿಸಿದ್ದರೆ ಇನ್ನೂ ವಿಷಾದನೀಯವಾಗುತ್ತಿತ್ತು, ಅದು ಬೇರೆ ಮಾತು.

ಮೊದಲ ಅಧ್ಯಾಯದಲ್ಲಿ ವ್ಯಾಪ್ತಿ ಮತ್ತು ಮಿತಿ ಹೇಳದಿದ್ದರೆ ಪಿಎಚ್.ಡಿ. ಮಾರ್ಗದರ್ಶಕರು ಮುಖ ನೋಡುವುದಿಲ್ಲ. ಆದ್ದರಿಂದ, ವ್ಯಾಪ್ತಿ: ಅವರ್ಸಾದಿಂದ ಹಿಲ್ಲೂರಿನವರೆಗೆ. ಮಿತಿ: ಅಧ್ಯಯನದ ವಸ್ತುವನ್ನು ಹಾಜರುಪಡಿಸಲು ಬರುವುದಿಲ್ಲ, ಏಕೆಂದರೆ ಅದು ಕಳೆದುಹೋಗಿದೆ.

ಇನ್ನು ವ್ಯಾಖ್ಯೆ. ಕಾರ್ಯೋನ್ಮುಖ ಹಸ್ತದ ಪರಿಧಿಯಲ್ಲಿ ಪ್ರತಿಷ್ಠಿತವಾಗಿದ್ದ ಲೋಹಕಾಷ್ಠಾತ್ಮಕ ಸಾಧನವೊಂದು ಕರ್ತೃವಿನ ಸಂಕಲ್ಪಕ್ಕೆ ಅತೀತವಾಗಿ ದೃಗ್ಗೋಚರತೆಯ ಸಂಕಥನದಿಂದ ನಿರ್ಗಮಿಸಿ, ತನ್ನ ಗೈರುಹಾಜರಿಯ ಮೂಲಕವೇ ತನ್ನ ಅನನ್ಯತೆಯನ್ನು ಸ್ಥಾಪಿಸಿಕೊಳ್ಳುವ ಪ್ರಕ್ರಿಯೆಯೇ ಉಪಕರಣಾಂತರ್ಧಾನ. ಹತ್ತು-ಹನ್ನೊಂದರ ಪಾನಾ ಸಿಗುತ್ತಿಲ್ಲ ಎಂದರೂ ಆಗುತ್ತದೆ. ಆದರೆ ಹಾಗೆಂದರೆ ಅಂಕ ಬೀಳುವುದಿಲ್ಲ.

ಅಂತರ್ಧಾನದಲ್ಲಿ ಹದಿನಾಲ್ಕು ಪ್ರಭೇದಗಳು.

ಅ) ಊರ್ಧ್ವಾಂತರ್ಧಾನ. ಮಾಡಿನ ಕೆಲಸಕ್ಕೆ ಹತ್ತಿದವನು ಜಂತಿಯ ಮೇಲಿಟ್ಟು ಇಳಿದ ಟೇಪು, ಕಿವಿಯ ಸಂದಿಯಲ್ಲೇ ಇದ್ದೂ ಊರೆಲ್ಲ ಹುಡುಕಿಸುವ ಪೆನ್ಸಿಲು ಇದರ ನಿದರ್ಶನಗಳು. ಈ ಪ್ರಭೇದದ ಪರಾಕಾಷ್ಠೆ ಭೂಮಿಯ ಮೇಲಿಲ್ಲ. 2008ರ ನವೆಂಬರ್‌ನಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಹೊರಗೆ ದುರಸ್ತಿಗೆ ನಿಂತ ಗಗನಯಾತ್ರಿ ಹೈಡಮೇರಿ ಸ್ಟೆಫನಿಶನ್-ಪೈಪರ್ ಅವರ ಚೀಲದಲ್ಲಿ ಗ್ರೀಸ್ ಗನ್ ಸೋರಿತು. ಗ್ರೀಸು ಒರೆಸುತ್ತಿದ್ದಾಗ ಚೀಲವೇ ತೇಲಿಹೋಯಿತು. ಸುಮಾರು 13 ಕಿಲೋ ತೂಕ, ಒಂದು ಲಕ್ಷ ಡಾಲರ್ ಬೆಲೆ. ಒಂಬತ್ತು ತಿಂಗಳು ಭೂಮಿಯನ್ನು ಸುತ್ತಿ, 2009ರ ಆಗಸ್ಟ್‌ನಲ್ಲಿ ವಾತಾವರಣಕ್ಕೆ ಬಿದ್ದು ಸುಟ್ಟುಹೋಯಿತು. ಉಳಿದ ಕೆಲಸವನ್ನು ಜೊತೆಗಾರನ ಚೀಲದಲ್ಲಿದ್ದುದನ್ನೇ ಹಂಚಿಕೊಂಡು ಮುಗಿಸಿದರು. ಅಂಕೋಲಾದ ಗ್ಯಾರೇಜುಗಳಲ್ಲೂ ಇದೇ ಪದ್ಧತಿ, ಒಂದಿಷ್ಟು ಬೈಗುಳ ಹೆಚ್ಚು.

ಆ) ಅಧೋಂತರ್ಧಾನ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ 61 ದಿನಗಳ ನಿಷೇಧ. ಆಗ ಬೋಟುಗಳ ಎಂಜಿನ್ನು ಬಿಚ್ಚುತ್ತಾರೆ. ಬೋಟಿನ ತಳದಲ್ಲಿ ಡೀಸೆಲ್ಲು, ಮಳೆನೀರು, ಮೀನಿನ ಹುರುಪೆ ಸೇರಿದ ಕಪ್ಪು ರಾಡಿ. ಅದರೊಳಗೆ ಪಾನಾ ಬಿದ್ದರೆ ಮೊಣಕೈತನಕ ಕೈ ಹಾಕಿ ತಡಕಬೇಕು. ಕೈಗೆ ಸಿಗುವುದು ಹೋದ ವರ್ಷ ಬಿದ್ದ ಸ್ಕ್ರೂಡ್ರೈವರು, ತುಕ್ಕು ಹಿಡಿದು ಬೆರಳಿಗಿಂತ ಸಣ್ಣಗಾದದ್ದು. ಇಂಗ್ಲೆಂಡಿನ ಸಫೋಕ್‌ನ ರೈತನೊಬ್ಬನ ಅದೃಷ್ಟ ಹೀಗಿರಲಿಲ್ಲ. 1992ರ ನವೆಂಬರ್‌ನಲ್ಲಿ ಹಾಕ್ಸ್ನ್ ಎಂಬ ಹಳ್ಳಿಯ ಹೊಲದಲ್ಲಿ ಅವನ ಸುತ್ತಿಗೆ ಕಳೆಯಿತು. ಹುಡುಕಿಕೊಡೆಂದು ಲೋಹಶೋಧಕ ಯಂತ್ರವಿದ್ದ ಗೆಳೆಯ ಎರಿಕ್ ಲಾಸ್‌ನನ್ನು ಕರೆದ. ಸಿಕ್ಕಿದ್ದು ರೋಮನ್ ಕಾಲದ ಸುಮಾರು 15,000 ಚಿನ್ನ-ಬೆಳ್ಳಿ ನಾಣ್ಯಗಳ ನಿಧಿ. ಸುತ್ತಿಗೆಯೂ ಆಮೇಲೆ ಸಿಕ್ಕಿತು; ಈಗ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಸುತ್ತಿಗೆ ಕಳೆದ ಬಡಗಿಗೆ ನಮ್ಮ ಕಡೆ ಸಿಗುವುದು ಮನೆ ಯಜಮಾನನ ಉಪದೇಶ.

ಇ) ಪರಹಸ್ತಾಂತರ್ಧಾನ. "ಒಂದ್ನಿಮಿಷ ಕೊಡು, ಈಗ ತಂದೆ" ಎಂದು ಒಯ್ದದ್ದು. ಈ ಪ್ರಭೇದದಲ್ಲಿ ವಿದ್ವತ್ ವಲಯದ ಕೊಡುಗೆ ಗಣನೀಯ. ದೇಸಿ ಜ್ಞಾನಪರಂಪರೆಯ ಮೇಲೆ ಎರಡು ದಿನದ ರಾಷ್ಟ್ರೀಯ ವಿಚಾರಸಂಕಿರಣ ನಡೆಯುತ್ತದೆ. ಬ್ಯಾನರಿಗೆ ಮೊಳೆ ಹೊಡೆಯಲು ಪಕ್ಕದ ಕಟ್ಟಡದಲ್ಲಿ ಬಾಗಿಲು ಕೂರಿಸುತ್ತಿರುವ ಆಚಾರಿಯ ಸುತ್ತಿಗೆ ಬೇಕು. ವೇದಿಕೆಯ ಮೇಲೆ ಅವನ ಕಸುಬಿನ ಜ್ಞಾನಮೀಮಾಂಸೆ ಸಮಾರೋಪದವರೆಗೂ ಸಾಗುತ್ತದೆ. ಊಟಕ್ಕೆ ಅವನನ್ನು ಕರೆಯುವುದಿಲ್ಲ, ಪ್ರಶ್ನೆ ಕೇಳುವುದಂತೂ ಇಲ್ಲ, ಸುತ್ತಿಗೆ ವಾಪಸ್ಸು ಬರುವುದಿಲ್ಲ. ಪ್ರಬಂಧ ಮಾತ್ರ ಐಎಸ್‌ಎಸ್‌ಎನ್ ಸಂಖ್ಯೆಯ ಸಂಚಿಕೆಯಲ್ಲಿ ಬಂದು ಮಂಡಿಸಿದವರಿಗೆ ಬಡ್ತಿಯ ಅಂಕವಾಗುತ್ತದೆ.

ಈ ಹಂತದಲ್ಲಿ ಪುನಃಕ್ರಯೋತ್ತರ ಪುನರ್ದರ್ಶನ ನಿಯಮವನ್ನು ಪ್ರತಿಪಾದಿಸಬೇಕಾಗುತ್ತದೆ. ಹೊಸದನ್ನು ಕೊಳ್ಳುವ ತನಕ ಹಳೆಯದು ಕಾಣುವುದಿಲ್ಲ. ಕೊಂಡ ಮೇಲೆ ಕಾಣದೆ ಬಿಡುವುದಿಲ್ಲ. ಹೀಗಾಗಿಯೇ ಒಂದೊಂದು ಗ್ಯಾರೇಜಿನಲ್ಲೂ ಹನ್ನೆರಡು-ಹದಿಮೂರರ ಪಾನಾ ಮೂರಿರುತ್ತವೆ, ಹತ್ತು-ಹನ್ನೊಂದರದ್ದು ಒಂದೂ ಇರುವುದಿಲ್ಲ. ಹತ್ತು ಎಂಎಂ ಪಾನಾವೇ ಮೊದಲು ಕಾಣೆಯಾಗುತ್ತದೆಂಬುದು ಜಗತ್ತಿನ ಮೆಕ್ಯಾನಿಕ್‌ಗಳೆಲ್ಲರ ಹಳೇ ತಮಾಷೆ. ಕಾರಣ ಸರಳ: ಜಪಾನಿ ಮಾದರಿಯ ಗಾಡಿಗಳಲ್ಲಿ ಆ ಅಳತೆಯ ಬೋಲ್ಟೇ ಹೆಚ್ಚು, ಹೆಚ್ಚು ಕೈ ಬದಲಾಯಿಸುವುದೂ ಅದೇ. ಇಷ್ಟು ಸರಳ ಕಾರಣವನ್ನು ಯಾವ ವಿಚಾರಸಂಕಿರಣವೂ ಒಪ್ಪಲಾರದು.

ಈ) ಬೃಹದಂತರ್ಧಾನ. ಇದಕ್ಕೆ ನಿದರ್ಶನ ಅಂಕೋಲಾ ತಾಲೂಕಿನಲ್ಲೇ ಇದೆ. ಬಳ್ಳಾರಿ ಕಡೆಯ ಅದಿರು ಹೊತ್ತ ಲಾರಿಗಳು ಅರಬೈಲ್ ಘಾಟಿ ಇಳಿದು ಬರುತ್ತಿದ್ದ ವರ್ಷಗಳಲ್ಲಿ ಹೆದ್ದಾರಿ ಬದಿಯ ಗಿಡಗಳೂ ಕೆಂಪಗಾಗಿದ್ದವು. 2010ರಲ್ಲಿ ಬೇಲೆಕೇರಿ ಬಂದರಿನಲ್ಲಿ ಅರಣ್ಯ ಇಲಾಖೆ ಸುಮಾರು ಎಂಟು ಲಕ್ಷ ಟನ್ ಕಬ್ಬಿಣದ ಅದಿರನ್ನು ಜಪ್ತಿ ಮಾಡಿತು. ಜಪ್ತಿಯಾದ ಮೇಲೆ ಅದರಲ್ಲಿ ಸುಮಾರು ಐದು ಲಕ್ಷ ಟನ್ ಹಡಗು ಹತ್ತಿ ಹೋಯಿತು. ಅದನ್ನು ಬಯಲಿಗೆಳೆದ ಅರಣ್ಯಾಧಿಕಾರಿಯನ್ನು ಅಮಾನತು ಮಾಡುವ ಕ್ರಮ ನಡೆಯಿತು. ಅದನ್ನು ಪ್ರತಿಭಟಿಸಿ ಲೋಕಾಯುಕ್ತ ಸಂತೋಷ್ ಹೆಗ್ಡೆ ರಾಜೀನಾಮೆ ಕೊಟ್ಟರು, ಆಮೇಲೆ ಹಿಂಪಡೆದರು. ವಿಶೇಷ ನ್ಯಾಯಾಲಯದ ತೀರ್ಪು ಬಂದದ್ದು 2024ರ ಅಕ್ಟೋಬರ್‌ನಲ್ಲಿ: ತಪ್ಪಿತಸ್ಥರಿಗೆ ಏಳು ವರ್ಷ ಜೈಲು. ಮುಂದಿನ ತಿಂಗಳೇ ಹೈಕೋರ್ಟ್ ಆ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು.

ಒಂದು ಟನ್ನಿಗೆ ಸಾವಿರ ಕಿಲೋ. ಐದು ಲಕ್ಷ ಟನ್ ಜಂತಿಯ ಮೇಲೆ ಮರೆತು ಬರುವ ವಸ್ತುವಲ್ಲ, ಬೋಟಿನ ತಳಕ್ಕೆ ಜಾರುವಂಥದ್ದೂ ಅಲ್ಲ. ಕ್ರೇನು ಬೇಕು, ಬಾರ್ಜು ಬೇಕು, ಸಹಿ ಬೇಕು, ರಾತ್ರಿಗಳು ಬೇಕು. ಅದಕ್ಕೂ ಪತ್ರಿಕೆಗಳಲ್ಲಿ ಬಳಕೆಯಾದ ಶಬ್ದ "ನಾಪತ್ತೆ". ಗ್ಯಾರೇಜಿನ ಹುಡುಗ ಒಂದು ಪಾನಾ ಕಳೆದರೆ ಆ ವಾರದ ಪಗಾರದಲ್ಲೇ ಮುರಿದುಕೊಳ್ಳುತ್ತಾರೆ. ಅವನಿಗೆ ಹದಿನಾಲ್ಕು ವರ್ಷದ ವಿಚಾರಣೆಯ ಸೌಕರ್ಯವಿಲ್ಲ, ಅಮಾನತಿನ ಸೌಕರ್ಯವಂತೂ ಇಲ್ಲವೇ ಇಲ್ಲ.

ಉಳಿದ ಹತ್ತು ಪ್ರಭೇದಗಳನ್ನು ಕೈಬಿಡಲಾಗಿದೆ.

ಇನ್ನು ಪರಿಹಾರ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆ ಹದಿನೆಂಟು ಕಸುಬುಗಳನ್ನು ಪಟ್ಟಿಮಾಡಿದೆ. ಬಡಗಿ, ಕಮ್ಮಾರ, ದೋಣಿ ಕಟ್ಟುವವರಲ್ಲದೆ ಸುತ್ತಿಗೆ ಮತ್ತು ಉಪಕರಣ ತಯಾರಿಸುವವರೂ ಅದರಲ್ಲಿದ್ದಾರೆ. ಉಪಕರಣಗಳಿಗೆಂದು 15,000 ರೂಪಾಯಿಯವರೆಗಿನ ಇ-ವೋಚರ್. ಒಳ್ಳೆಯದೇ. ಪಾನಾ, ಪಕ್ಕಡ್, ಡ್ರಿಲ್ಲಿಂಗ್ ಮಶೀನು ಅದರಲ್ಲಿ ಬರುತ್ತವೆ. ಹೋದದ್ದರ ಜಾಗದಲ್ಲಿ ಹೊಸದು ಕೂರುತ್ತದೆ.

ಉಳಿಯ ವಿಷಯ ಹಾಗಲ್ಲ. ಕುಲುಮೆಯಲ್ಲಿ ಕಾಯಿಸಿ ಬಡಿದು, ಬಣ್ಣ ನೋಡಿ ನೀರಿಗಿಳಿಸಿ ಹದ ಕೊಟ್ಟ ಹಳೇ ಉಳಿ ಎಷ್ಟು ಸಲ ಸಾಣೆ ಕಂಡಿರುತ್ತದೆಯೋ, ಅಲಗು ಅರ್ಧಕ್ಕರ್ಧ ಸವೆದಿರುತ್ತದೆ. ಹಿಡಿಯಲ್ಲಿ ಹೆಬ್ಬೆರಳು ಕೂತು ಕೂತು ತಗ್ಗಾಗಿರುತ್ತದೆ, ಕೆಲವೊಮ್ಮೆ ಅದು ಅಪ್ಪನ ಹೆಬ್ಬೆರಳಿನ ತಗ್ಗು. ಕತ್ತಲಲ್ಲೂ ಯಾವ ಕಡೆ ಬಾಯಿ, ಯಾವ ಕಡೆ ಬೆನ್ನು ಎಂದು ಕೈಗೆ ಗೊತ್ತು. ಹಲಸಿನ ಬಾಗಿಲಚೌಕಟ್ಟಿಗೆ ತೂತು ಕೊರೆಯುವಾಗ ಅದು ಎಷ್ಟು ಆಳಕ್ಕೆ ಹೋಗಿ ನಿಲ್ಲುತ್ತದೆಂಬುದನ್ನು ಆಚಾರಿ ನೋಡುವುದಿಲ್ಲ, ಸದ್ದಿನಲ್ಲೇ ಅರಿಯುತ್ತಾನೆ. ಅಂಥದ್ದನ್ನು ಮಾಡಿಕೊಟ್ಟ ಕುಲುಮೆ ಮುಚ್ಚಿರುತ್ತದೆ. ಕುಲುಮೆಯವನ ಮಗ ಗೋವಾದಲ್ಲಿ ಅಲ್ಯೂಮಿನಿಯಂ ಕಿಟಕಿ ಕೂರಿಸುತ್ತಿರುತ್ತಾನೆ. ಪೇಟೆಯಲ್ಲಿ ಸಿಗುವ ಉಳಿಗೆ ಹಳದಿ ಪ್ಲಾಸ್ಟಿಕ್ ಹಿಡಿ. ಮೊದಲ ದಿನವೆಲ್ಲ ಅದನ್ನು ಕಲ್ಲಿಗೆ ಉಜ್ಜಿ ಬಾಯಿ ಬರಿಸುವುದರಲ್ಲೇ ಹೋಗುತ್ತದೆ, ಆ ದಿನದ ಕೂಲಿಯನ್ನು ಯಾವ ಮನೆ ಯಜಮಾನನೂ ಕೊಡುವುದಿಲ್ಲ.