ತಿರುಪುಮೂರ್ತಿಯ ಜಾತಕ

ರೋಗಿಯೊಬ್ಬರ ಹುಣ್ಣನ್ನು ಒರೆಸಿ ತಂದ ಸ್ವ್ಯಾಬ್ ಕಡ್ಡಿಯ ತುದಿಯಲ್ಲಿ ಸಿಫಿಲಿಸ್ ರೋಗಾಣು ಟ್ರೆಪೊನೆಮಾ ಪ್ಯಾಲಿಡಮ್ ಅವರು ಬಿಡುವಾಗಿ ಸಿಕ್ಕರು. ತಿರುಪಿನ ಹಾಗೆ ಸುತ್ತಿಕೊಂಡ ಸಪೂರ ಮೈ. ಸಾಮಾನ್ಯ ಸೂಕ್ಷ್ಮದರ್ಶಕಕ್ಕೆ ಕಾಣುವವರಲ್ಲ. ಹಿನ್ನೆಲೆ ಕತ್ತಲಾಗಿ, ಬೆಳಕು ಓರೆಯಾಗಿ ಬಿದ್ದರಷ್ಟೇ ದರ್ಶನ.

ಪ್ರ: ತಮ್ಮ ಜೀನೋಮ್ ಓದಿಬಿಟ್ಟರಂತೆ?

ಉ: 1998ರಲ್ಲೇ ಓದಿದ್ರು. 11 ಲಕ್ಷ ಚಿಲ್ಲರೆ ಅಕ್ಷರ. ಆದ್ರೆ ಅದು ನಮ್ಮ ನಿಕೋಲ್ಸ್ ತಳಿಯ ಅಜ್ಜನದು. 1912ರಲ್ಲಿ ಅಮೆರಿಕದ ರೋಗಿಯೊಬ್ಬರ ಬೆನ್ನುಹುರಿಯ ದ್ರವದಿಂದ ಹಿಡಿದು, ಮೊಲದ ವೃಷಣದಲ್ಲಿ ಸಾಕ್ಕೊಂಡು ಬಂದಿದ್ರು. ಆಗೆಲ್ಲ ಗಾಜಿನ ತಟ್ಟೇಲಿ ಬೆಳೆಯೋ ಕುಲ ನಮ್ಮದಾಗಿರಲಿಲ್ಲ.

ಪ್ರ: ಈಗ ಓದಲು ಮೊಲವೇ ಬೇಡವಂತೆ?

ಉ: ಅದೇ ತಾಪತ್ರಯ! ಈ ಕಡ್ಡೀಲಿರೋದು ಬಹುಪಾಲು ಮನುಷ್ಯರ ಡಿಎನ್‌ಎ. ನಾನು ಜಾತ್ರೇಲಿ ಬಿದ್ದ ಮೂಗುಬೊಟ್ಟು. ವಿಜ್ಞಾನಿಗಳೋ, ನನ್ನ ಅಕ್ಷರಕ್ಕೇ ಅಂಟೋ ಆರ್‌ಎನ್‌ಎ ಗಾಳ ಹಾಕ್ತಾರೆ, ಅಯಸ್ಕಾಂತದ ಮಣೀಲಿ ಎಳ್ಕೋತಾರೆ, ಮಿಕ್ಕಿದ್ದನ್ನ ತೊಳೆದು ಚೆಲ್ತಾರೆ.

ಪ್ರ: ಓದಿ ಏನು ಕಂಡರು?

ಉ: ದೊಡ್ಡ ಮನೆತನ ಎರಡೇ: ನಿಕೋಲ್ಸ್, ಎಸ್‌ಎಸ್14. 2021ರಲ್ಲಿ 23 ದೇಶಗಳ 726 ಜೀನೋಮ್ ಪಕ್ಕಪಕ್ಕ ಇಟ್ಟು ನೋಡಿದ್ರು. ಒಡಹುಟ್ಟಿದವರಂಥೋರು ಬೇರೆಬೇರೆ ಖಂಡದಲ್ಲಿ ಸಿಕ್ಕರು! ನೀವು ಮಾತ್ರ... ಇಟಲಿಯವರು ‘ಫ್ರೆಂಚರ ರೋಗ’ ಅಂದ್ರು, ಫ್ರೆಂಚರು ‘ನೇಪಲ್ಸಿನದು’ ಅಂದ್ರು, ನಿಮ್ಮ ಆಯುರ್ವೇದ ಗ್ರಂಥ ಭಾವಪ್ರಕಾಶ ‘ಫಿರಂಗ ರೋಗ’ ಅಂತು. 500 ವರ್ಷ ಪಕ್ಕದ ಮನೆಯವರ ತಲೆಗೆ ಕಟ್ಟುತ್ತಾ ಕೂತಿರಿ. ನಾನು ಹಾಯಾಗಿದ್ದೆ.

(ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಪೆನ್ನಿನ ಕ್ಯಾಪ್ ತೆಗೆದು ಮತ್ತೆ ಹಾಕಿದೆ.)

ಪ್ರ: ಅಜಿತ್ರೋಮೈಸಿನ್ ಮಾತ್ರೆ?

ಉ: ಒಂದಕ್ಷರ ತಿದ್ಕೊಂಡೆವು. ನಮ್ಮಲ್ಲಿ ಬಹಳ ಜನಕ್ಕೆ ಈಗ ಅದು ಪೆಪ್ಪರಮಿಂಟು.

ಪ್ರ: ಪೆನಿಸಿಲಿನ್?

(ಇನ್ನೊಂದು ಸುತ್ತು ಮುದುಡಿಕೊಂಡರು.)

ಉ: ಬೇರೆ ಏನಾದ್ರೂ ಕೇಳಿ.

ಪ್ರ: ಅದಿನ್ನೂ ಚುಚ್ಚುತ್ತದಲ್ಲವೇ?

ಉ: ಚುಚ್ಚುತ್ತೆ ಸ್ವಾಮಿ, ಆಸ್ಪತ್ರೆಗೆ ಬಂದರೆ ತಾನೇ? ‘ಚರ್ಮ ಮತ್ತು ಲೈಂಗಿಕ ರೋಗ ತಜ್ಞರು’ ಅಂತ ಬೋರ್ಡಿರುತ್ತೆ. ಕೆಳಗೆ ಬೆಂಚಿನ ಮೇಲೆ ಕೂತವರೆಲ್ಲ ಬಂದಿರೋದು ಚರ್ಮಕ್ಕೇ, ಕೇಳಿ ನೋಡಿ. ಅಂದ ಹಾಗೆ, ಪತ್ರಿಕೇಲಿ ನನ್ನ ಹೆಸರು ಹಾಕ್ತೀರೋ?

ಪ್ರ: ಸಂಪಾದಕರು ‘ಗುಪ್ತರೋಗ’ ಅಂತಷ್ಟೇ ಹಾಕಿ ಅಂದಿದ್ದಾರೆ.

ಉ: ನೂರು ವರ್ಷ ಬಾಳಲಿ ನಿಮ್ಮ ಸಂಪಾದಕರು.