ಸ್ಟೀಕ್ ಫಿಂಗರ್ ಮೀಮಾಂಸೆ

ಟೆಕ್ಸಸ್ ಸೀಮೆಯ ಮನೆಗಳಲ್ಲಿ ಸಂಜೆ ಆರರ ಹೊತ್ತಿಗೆ ಏಳುವ ‘ರಾತ್ರಿ ಊಟಕ್ಕೇನು?’ ಎಂಬ ಪ್ರಶ್ನೆಗೆ ಷಡ್ದರ್ಶನಗಳಲ್ಲಿ ಉತ್ತರವಿಲ್ಲ. ಅದು ಬೀಡುಕಬ್ಬಿಣದ ಬಾಣಲೆಯಲ್ಲಿದೆ. ದನದ ಮಾಂಸವನ್ನು ಬೆರಳಗಲ ಸೀಳಿ, ಹಿಟ್ಟು, ಮೊಟ್ಟೆ, ಪುಡಿಗಳಲ್ಲಿ ಹೊರಳಿಸಿ, ಕರಿದು, ಬಿಳಿ ಗ್ರೇವಿಯ ಜೊತೆ ಬಡಿಸುವ ಆ ತಿನಿಸಿಗೆ ಅಲ್ಲಿನವರು ಸ್ಟೀಕ್ ಫಿಂಗರ್ಸ್ ಎನ್ನುತ್ತಾರೆ. ಅರ್ಧ ಗಂಟೆಯ ಅಡುಗೆಗೆ ಪ್ರಬಂಧವೇಕೆ ಎಂದು ಕೆಲವರು ಆಕ್ಷೇಪಿಸಬಹುದು. ಅಡುಗೆ ಬೇಗ ಮುಗಿಯುವುದರಿಂದಲೇ ವ್ಯಾಖ್ಯಾನಕ್ಕೆ ಬಿಡುವು ಸಿಗುತ್ತದೆ ಎಂಬುದು ಸಮಾಧಾನ.

ಕನ್ನಡದಲ್ಲಿ ಪಾಕದ ಬಗ್ಗೆ ಬರೆಯಹೊರಟವರು ಮೊದಲು ಮಂಗರಸನಿಗೆ ಕೈಮುಗಿಯಬೇಕು. 16ನೇ ಶತಮಾನದ ಆರಂಭದಲ್ಲಿ ಆತ ‘ಸೂಪಶಾಸ್ತ್ರ’ವನ್ನು ಷಟ್ಪದಿಯಲ್ಲೇ ಬೇಯಿಸಿಟ್ಟ. ಆದರೆ ಆತ ಜೈನ. ಪ್ರಸ್ತುತ ವಿಷಯದಲ್ಲಿ ಅವನ ನೆರವು ಬೇಡುವುದು ಸೌಜನ್ಯವಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ ಮಾಂಸದ ವಿಚಾರದಲ್ಲಿ ಧಾರಾಳಿ, ಇಲಿಯನ್ನೂ ಬಿಟ್ಟಿಲ್ಲ. ಆದರೂ ಬ್ರೆಡ್ ಪುಡಿಯ ಪ್ರಸ್ತಾಪವಿಲ್ಲ. ಹೀಗೆ ಎರಡೂ ಆಕರಗಳು ಕೈಕೊಟ್ಟ ಮೇಲೆ ನಾವು ಗತ್ಯಂತರವಿಲ್ಲದೆ ಟೆಕ್ಸಸ್ಸಿಗೇ ಹೋಗಬೇಕಾಯಿತು, ಅಂದರೆ ಗ್ರಂಥಮುಖೇನ.

ಉತ್ಪತ್ತಿಯ ಬಗ್ಗೆ ಎರಡು ಪಂಥಗಳಿವೆ. ಮೊದಲನೆಯದು ಜರ್ಮನ್ ಪಂಥ. ನ್ಯೂ ಬ್ರಾನ್‌ಫೆಲ್ಸ್ (1845), ಫ್ರೆಡರಿಕ್ಸ್‌ಬರ್ಗ್ (1846) ಊರುಗಳನ್ನು ಕಟ್ಟಿದ ಜರ್ಮನ್ ವಲಸಿಗರು, ತೆಳು ಮಾಂಸಕ್ಕೆ ಹೊದಿಕೆ ಹಚ್ಚಿ ಕರಿದ ಷ್ನಿಟ್ಸೆಲ್‌ನ ನೆನಪನ್ನು ಜೊತೆಗೆ ತಂದರು. ಎಳೆಗರುವಿನ ಮಾಂಸ ಸಿಗದ ಕಡೆ ಸಿಕ್ಕ ಗಡಸು ಮಾಂಸವನ್ನೇ ಬಡಿದು ಕರಿದರು. ಅದೇ ಮುಂದೆ ಚಿಕನ್ ಫ್ರೈಡ್ ಸ್ಟೀಕ್ ಆಯಿತು. ಅದನ್ನು ಸೀಳಿದಾಗ ನಮ್ಮ ಫಿಂಗರ್ಸ್ ಜನಿಸಿದವು. ಎರಡನೆಯದು ಅಲ್ಪವಿರಾಮ ಪಂಥ. 1911ರಲ್ಲಿ ಲಮೀಸಾ ಎಂಬ ಊರಿನ ಹೋಟೆಲಿನಲ್ಲಿ, ಕೋಳಿ ಮತ್ತು ಕರಿದ ಸ್ಟೀಕ್ ಎಂಬ ಎರಡು ಆರ್ಡರುಗಳ ನಡುವಿನ ಅಲ್ಪವಿರಾಮ ಅಡುಗೆಯವನ ಕಣ್ಣಿಗೆ ಬೀಳದೆ, ಆತ ಸ್ಟೀಕನ್ನೇ ಕೋಳಿಯ ಹಾಗೆ ಕರಿದನಂತೆ. ಇದು 1970ರ ದಶಕದಲ್ಲಿ ಪತ್ರಕರ್ತನೊಬ್ಬ ತಮಾಷೆಗೆ ಹೆಣೆದ ಕತೆ. ಅದರಿಂದೇನಾಯಿತು? ಲಮೀಸಾದವರು ಆ ಕತೆಯ ಬಲದ ಮೇಲೆ ಉತ್ಸವವನ್ನೇ ಮಾಡುತ್ತಾರೆ. 2011ರಲ್ಲಿ ಟೆಕ್ಸಸ್ ಶಾಸನಸಭೆಯು ಅಕ್ಟೋಬರ್ 26ನ್ನು ಚಿಕನ್ ಫ್ರೈಡ್ ಸ್ಟೀಕ್ ದಿನವೆಂದು ಗೊತ್ತುವಳಿ ಮಾಡಿತು. ಸ್ಥಳಪುರಾಣಕ್ಕೆ ಕವಿಯಿದ್ದರೆ ಸಾಕು, ಸಾಕ್ಷಿ ಬೇಕಿಲ್ಲವೆಂಬುದು ನಮ್ಮ ನಾಡಿನ ಓದುಗರಿಗೆ ಹೊಸ ಮಾತಲ್ಲ.

ಎರಡೂ ಪಂಥಗಳನ್ನು ನಾವು ತಳ್ಳಿಹಾಕುತ್ತೇವೆ. ಈ ತಿನಿಸಿನ ಕರ್ತೃ ಆತುರ. ಹಿಂದೊಡೆಯ ಮಾಂಸ ಅಗ್ಗ, ಆದರೆ ಗಡಸು. ನಿಧಾನವಾಗಿ ಬೇಯಿಸಿದರೆ ಮೆತ್ತಗಾಗುತ್ತದೆ, ಅದಕ್ಕೆ ಗಂಟೆಗಟ್ಟಲೆ ಬೇಕು, ಮಕ್ಕಳು ಅಷ್ಟು ಹೊತ್ತು ಕಾಯುವುದಿಲ್ಲ. ಆದ್ದರಿಂದ ಕಟುಕನ ಅಂಗಡಿಯಲ್ಲೇ ಹಲ್ಲಿನ ಯಂತ್ರಕ್ಕೆ ಕೊಟ್ಟು ಕ್ಯೂಬ್ ಸ್ಟೀಕ್ ಮಾಡಿಸುತ್ತಾರೆ. ಉದ್ದೆಳೆಗಳು ಅಲ್ಲೇ ತುಂಡಾಗುತ್ತವೆ. ಮನೆಯಲ್ಲಿ ಎಳೆಗೆ ಅಡ್ಡವಾಗಿ ಸೀಳಿದರೆ ಉಳಿದ ಗರ್ವವೂ ಇಳಿಯುತ್ತದೆ. ಮೂರು ನಿಮಿಷಕ್ಕೆ ಬೇಯುತ್ತದೆ, ಕೈಯಲ್ಲಿ ಹಿಡಿದು ತಿನ್ನಬಹುದು, ಪುಟ್ಟ ಮಕ್ಕಳ ಕೈಗೆ ಚಾಕು ಕೊಡುವ ಪ್ರಸಂಗವಿಲ್ಲ.

ಇಲ್ಲಿ ಸಾಹಿತ್ಯಕ ಪ್ರಮಾಣವೊಂದನ್ನು ಕೊಡಲೇಬೇಕು, ಇಲ್ಲವಾದರೆ ವಿದ್ವಾಂಸರು ಒಪ್ಪುವುದಿಲ್ಲ. ಟೆಕ್ಸಸ್ಸಿನಲ್ಲಿ ಡೇರಿ ಕ್ವೀನ್ ಎಂಬ ಫಾಸ್ಟ್‌ಫುಡ್ ಹೋಟೆಲುಗಳಲ್ಲಿ ಸ್ಟೀಕ್ ಫಿಂಗರ್ ಬುಟ್ಟಿ ಸಿಗುತ್ತದೆ: ಫ್ರೈಸ್, ದಪ್ಪ ಟೋಸ್ಟ್, ಗ್ರೇವಿ ಸಮೇತ. 1980ರ ಬೇಸಿಗೆಯಲ್ಲಿ ಕಾದಂಬರಿಕಾರ ಲ್ಯಾರಿ ಮ್ಯಾಕ್‌ಮರ್ಟ್ರಿ ಆರ್ಚರ್ ಸಿಟಿಯ ಡೇರಿ ಕ್ವೀನ್‌ನಲ್ಲಿ ಕುಳಿತು ಲೈಮ್ ಡಾಕ್ಟರ್ ಪೆಪ್ಪರ್ ಎಂಬ ತಂಪು ಪಾನೀಯ ಹೀರುತ್ತಾ, ಜರ್ಮನ್ ಚಿಂತಕ ವಾಲ್ಟರ್ ಬೆಂಜಮಿನ್ ಕತೆಗಾರನ ಕುರಿತು ಬರೆದ ಪ್ರಬಂಧ ಓದಿದರು. 1999ರಲ್ಲಿ ಆ ಬಗ್ಗೆ ಪುಸ್ತಕವನ್ನೇ ತಂದರು. ಬೆಂಜಮಿನ್ನನ ಪ್ರಬಂಧ ಪ್ರಕಟವಾದದ್ದು 1936ರಲ್ಲಿ, ಮ್ಯಾಕ್‌ಮರ್ಟ್ರಿ ಹುಟ್ಟಿದ್ದೂ 1936ರಲ್ಲಿ. ಇದರಿಂದ ಏನು ಸಿದ್ಧವಾಗುತ್ತದೆ? ಏನೂ ಇಲ್ಲ. ಆದರೆ ಇಷ್ಟು ಚೆಂದದ ಕಾಕತಾಳೀಯವನ್ನು ಬಿಟ್ಟ ಪ್ರಬಂಧಕ್ಕೆ ಯಾವ ವಿಶ್ವವಿದ್ಯಾಲಯ ಪದವಿ ಕೊಟ್ಟೀತು?

ಇನ್ನು ಹೊದಿಕೆಯ ತತ್ತ್ವ. ಒದ್ದೆ ಮಾಂಸಕ್ಕೆ ಮೊಟ್ಟೆ ನಿಲ್ಲುವುದಿಲ್ಲ, ಜಾರಿ ಹೋಗುತ್ತದೆ. ಅದಕ್ಕೇ ಮೊದಲು ಮೈದಾ: ಅದು ಮೇಲಿನ ತೇವ ಹೀರಿ ಒರಟು ನೆಲ ಸಿದ್ಧಮಾಡುತ್ತದೆ. ಅದರ ಮೇಲೆ ಹಾಲು ಬೆರೆಸಿ ಕಡೆದ ಮೊಟ್ಟೆ, ಇದು ಅಂಟು. ಅದರ ಮೇಲೆ ಬ್ರೆಡ್ ಪುಡಿ ಅಥವಾ ಕುಟ್ಟಿದ ಸಾಲ್ಟೀನ್ ಬಿಸ್ಕತ್ತು. ಮತ್ತೊಮ್ಮೆ ಮೈದಾ ಸಾಕೆನ್ನುವವರೂ ಉಂಟು. ಅವರ ಮನೆಯ ಊಟವೂ ಚೆನ್ನಾಗಿರುತ್ತದಾದ್ದರಿಂದ ಅವರ ಖಂಡನೆಗೆ ನಾವು ಇಳಿಯುವುದಿಲ್ಲ.

ಆದರೆ ಕೈಗಳ ವಿಚಾರದಲ್ಲಿ ರಾಜಿಯಿಲ್ಲ. ಒಂದು ಕೈ ಒಣಪದಾರ್ಥಕ್ಕೆ, ಇನ್ನೊಂದು ಒದ್ದೆಗೆ. ಇವೆರಡರ ಭೇದ ನಿತ್ಯ. ಒಣಗೈ ಒದ್ದೆಗೈ ಒಂದೇ ಎಂದು ಸಾಧಿಸಹೊರಟ ಅದ್ವೈತಿಯ ಹತ್ತೂ ಬೆರಳುಗಳು ಮೈದಾ, ಮೊಟ್ಟೆ, ಪುಡಿಯನ್ನು ಕ್ರಮವಾಗಿ ತೊಟ್ಟು, ತಾವೂ ಎಣ್ಣೆಗೆ ಬೀಳುವ ಅರ್ಹತೆ ಪಡೆಯುತ್ತವೆ. ಈ ಪಾಕಶಾಲೆಯಲ್ಲಿ ಮಧ್ವಮತವೇ ಗೆದ್ದಿತು. ಉಡುಪಿಯ ಅಡುಗೆಯವರು ಈ ಗೆಲುವನ್ನು ತಮ್ಮ ಖಾತೆಗೆ ಸೇರಿಸಿಕೊಳ್ಳಲಾರರೆಂಬುದು ಬೇರೆ ಮಾತು.

ಹೊದಿಸಿದ ಮೇಲೆ ಹತ್ತು ನಿಮಿಷ ಬಿಡಬೇಕು. ಪುಡಿ ತೇವ ಕುಡಿದು ಕಚ್ಚಿಕೊಳ್ಳುತ್ತದೆ. ಬಿಡದಿದ್ದರೆ ಎಣ್ಣೆಯಲ್ಲಿ ಅಂಗಿ ಒಂದು ಕಡೆ, ಆಸಾಮಿ ಒಂದು ಕಡೆ. ಎಣ್ಣೆ 180 ಡಿಗ್ರಿ ಸೆಲ್ಸಿಯಸ್ ಆಸುಪಾಸು ಕಾದಿರಲಿ. ಮಾಂಸದೊಳಗಿನ ನೀರು ಆವಿಯಾಗಿ ಗುಳ್ಳೆಯೆಬ್ಬಿಸಿ ಹೊರಬರುತ್ತಿರುವಷ್ಟು ಹೊತ್ತು ಎಣ್ಣೆ ಒಳನುಗ್ಗಲಾರದು. ಬೇಗ ಮುಗಿಯಲೆಂದು ಎಲ್ಲವನ್ನೂ ಒಟ್ಟಿಗೆ ಸುರಿದರೆ ಕಾವು ಇಳಿದು ಗುಳ್ಳೆಯೂ ಇಳಿದು ಹೊದಿಕೆ ಎಣ್ಣೆ ಕುಡಿಯತೊಡಗುತ್ತದೆ. ಆತುರದಿಂದ ಹುಟ್ಟಿದ ತಿನಿಸು ಆತುರವನ್ನು ಸಹಿಸದಿರುವುದು ಇಂಥ ಘಟ್ಟಗಳಲ್ಲಿ. ಹೊಂಬಣ್ಣ ಬರುವುದು 1912ರಲ್ಲಿ ಫ್ರೆಂಚ್ ವಿಜ್ಞಾನಿ ಲೂಯಿ ಕಮೀಲ್ ಮೈಯಾರ್ ವರ್ಣಿಸಿದ ಕ್ರಿಯೆಯಿಂದ. ಅದಕ್ಕೂ ಮೊದಲು ಎಲ್ಲ ಅಜ್ಜಿಯರೂ ಅವನ ಹೆಸರು ತಿಳಿಯದೆಯೇ ಕೆಂಪಗೆ ಕರಿಯುತ್ತಿದ್ದರು, ಹೇಗೆಂಬುದು ಸಂಶೋಧನಾರ್ಹ.

ಗ್ರೇವಿಗೆ ಬೇರೆ ಪಾತ್ರೆ ನಿಷಿದ್ಧ. ಕರಿದ ಬಾಣಲೆಯಲ್ಲೇ ಎರಡು ಚಮಚ ಎಣ್ಣೆ ಉಳಿಸಿ, ತಳದ ಕರಕಲು ಚೂರುಗಳ ಸಮೇತ ಅಷ್ಟೇ ಮೈದಾ ಹುರಿದು, ಲೋಟದಷ್ಟು ಹಾಲು ಹುಯ್ದು ಕಲಕಬೇಕು, ಕಾಳುಮೆಣಸು ಕೈತುಂಬ. ಇಷ್ಟಾದ ಮೇಲೆ ಹೊಸ ವಿವಾದ: ಗ್ರೇವಿ ಮೇಲೆ ಸುರಿಯಬೇಕೋ, ಪಕ್ಕದಲ್ಲಿಟ್ಟು ಅದ್ದಬೇಕೋ? ಸುರಿಯುವ ವಾದಿಗಳು ಸಂಪ್ರದಾಯವನ್ನು ಮುಂದಿಡುತ್ತಾರೆ, ಅದ್ದುವ ವಾದಿಗಳು ಗರಿಗರಿಯನ್ನು. ನಾವು ಅದ್ದುವವರ ಪರ. ಎರಡೂ ಪಕ್ಷಗಳು ವಾದದಲ್ಲಿ ಮುಳುಗಿದ್ದಾಗ ಮೇಜಿನ ತುದಿಯಿಂದ ಏಳು ವರ್ಷದ ಚಾರ್ವಾಕನೊಬ್ಬ “ಕೆಚಪ್ ಎಲ್ಲಿ?” ಎಂದು ಕೇಳುತ್ತಾನೆ. ಅವನ ಮತದ ಸವಿಸ್ತಾರ ಖಂಡನೆಯನ್ನು ಎರಡನೆಯ ಸಂಪುಟಕ್ಕೆ ಕಾದಿರಿಸಿದೆ. ಸದ್ಯಕ್ಕೆ ಬಾಟಲಿ ಫ್ರಿಜ್ಜಿನ ಬಾಗಿಲಲ್ಲಿದೆ, ಯಾರಾದರೂ ಎದ್ದು ಕೊಡಿ.