ಸೈಕಲ್ ಪ್ರಕರಣಂ
ಆನೆಗೆ ಪಾಲಕಾಪ್ಯ ಇದ್ದಾನೆ, ಕುದುರೆಗೆ ಶಾಲಿಹೋತ್ರ ಇದ್ದಾನೆ, ದನಕರುಗಳಿಗೆ ಕೀರ್ತಿವರ್ಮ ಕನ್ನಡದಲ್ಲೇ ಗೋವೈದ್ಯ ಬರೆದಿಟ್ಟು ಹೋಗಿದ್ದಾನೆ. ಕಲ್ಯಾಣದ ಮೂರನೆಯ ಸೋಮೇಶ್ವರನಂತೂ ಹನ್ನೆರಡನೆಯ ಶತಮಾನದಲ್ಲೇ, ರಾಜ್ಯಭಾರದ ನಡುವೆ ಬಿಡುವು ಮಾಡಿಕೊಂಡು, ‘ಮಾನಸೋಲ್ಲಾಸ’ದಲ್ಲಿ ಕೋಳಿ ಕಾಳಗ, ಟಗರು ಕಾಳಗದಂಥ ವಿನೋದಗಳನ್ನೂ ಬಿಡದೆ ವಿಂಗಡಿಸಿಟ್ಟ. ಸೈಕಲ್ಲಿಗೆ ಮಾತ್ರ ಶಾಸ್ತ್ರಕಾರನಿಲ್ಲ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳ ಪಂಚರ್ ಅಂಗಡಿ ಮುಂದಿನ ಬೆಂಚಿನ ಮೇಲೆ ಕೂತವರಿಗೆಲ್ಲ ಗೊತ್ತಿರುವ ವಿದ್ಯೆ ಇದು, ಬರೆದವರಿಲ್ಲ, ಅಷ್ಟೆ. ಆದ್ದರಿಂದ ವ್ಯಾಕರಣಕಾರ ಕೇಶಿರಾಜನ ದಾರಿ ಹಿಡಿದು ಮೊದಲು ಸೂತ್ರ, ಆಮೇಲೆ ವೃತ್ತಿ ಎಂಬ ಕ್ರಮದಲ್ಲಿ ಈ ಪ್ರಕರಣ. ಕಂದಪದ್ಯ ಕಟ್ಟುವುದು ಕೈಲಾಗದ್ದರಿಂದ ಸೂತ್ರಗಳು ಗದ್ಯದಲ್ಲಿವೆ. ಪಂಡಿತರು ಹೊಟ್ಟೆಗೆ ಹಾಕಿಕೊಳ್ಳಬೇಕು.

ಮೊದಲು ಕ್ಷೇತ್ರ ನಿರ್ಣಯ. ಈ ನಾಲ್ಕು ಊರನ್ನು ಒಂದು ಕಟ್ಟಿಗೆ ತಂದದ್ದು ಭೂಗೋಳವಲ್ಲ, 1997ನೇ ಇಸವಿ. ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನ ಜೆ.ಎಚ್. ಪಟೇಲರು ಮುಖ್ಯಮಂತ್ರಿಯಾಗಿದ್ದಾಗ ದಾವಣಗೆರೆ ಜಿಲ್ಲೆ ಹುಟ್ಟಿತು. ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ. ನ್ಯಾಮತಿ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾದದ್ದು ಈಚೆಗೆ. ಒಂದು ಕಡೆ ಭದ್ರಾ ನಾಲೆ, ಅಡಿಕೆ ತೋಟ, ಸೂಳೆಕೆರೆ. ಇನ್ನೊಂದು ಕಡೆ ತುಂಗಭದ್ರೆ, ಭತ್ತದ ಗದ್ದೆ. ಮತ್ತೊಂದು ಕಡೆ ಮೋಡದ ಮುಖ ನೋಡುತ್ತ ನಿಂತ ಜಗಳೂರಿನ ಮೆಕ್ಕೆಜೋಳ. ನಾಲ್ಕರಲ್ಲಿ ಒಂದಕ್ಕೂ ರೈಲಿಲ್ಲ. ಸೈಕಲ್ ಇಲ್ಲದ ಬೀದಿಯೂ ಇಲ್ಲ.

ಸೂತ್ರ 1: ಪೆಱರ್ಗೀಯಲ್ ಬಾರದುದು ಸೈಕಲ್ಲಲ್ತು.

ವೃತ್ತಿ: ಇನ್ನೊಬ್ಬರಿಗೆ ಕೊಡಲು ಬಾರದ್ದು ಸೈಕಲ್ಲೇ ಅಲ್ಲ. ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ 1885ರಲ್ಲಿ ಹಿಂದಿನ ಚಕ್ರಕ್ಕೆ ಚೈನು ಹಾಕಿ ‘ರೋವರ್’ ಮಾಡಿದ, ಅದು ದೇಹ. 1888ರಲ್ಲಿ ಡನ್ಲಪ್ ಟೈರಿಗೆ ಗಾಳಿ ತುಂಬಿದ; ಅದು ಪ್ರಾಣ. ಆತ್ಮ ಬಂದದ್ದು ಬಾಡಿಗೆ ಸೈಕಲ್ ಅಂಗಡಿಯಲ್ಲಿ. ಮಡಗಾರ್ಡಿನ ಮೇಲೆ ಬಿಳಿ ಬಣ್ಣದ ನಂಬರು, ಗಂಟೆ ಲೆಕ್ಕದ ಬಾಡಿಗೆ, ಎಣ್ಣೆ ಜಿಡ್ಡಿನ ಪುಸ್ತಕದಲ್ಲಿ ಹೆಸರು ಮತ್ತು ಹೊತ್ತು. ಅಂಗಡಿಯ ಗಡಿಯಾರ ಊರಿನ ಮಿಕ್ಕೆಲ್ಲ ಗಡಿಯಾರಗಳಿಗಿಂತ ಹತ್ತು ನಿಮಿಷ ಮುಂದೆ ಓಡುತ್ತಿತ್ತು; ಹುಡುಗರು ಅದಕ್ಕೆ ಪ್ರತಿಯಾಗಿ ಒಂದು ಗಂಟೆಯ ಬಾಡಿಗೆಯನ್ನು ನಾಲ್ಕು ಜನ ಹಂಚಿಕೊಂಡು, ಸರದಿ ಕಾಯುವವರು ಸೈಕಲ್ ಹಿಂದೆ ಓಡುತ್ತಿದ್ದರು. ಮೈಸೂರಿನಲ್ಲಿ 2017ರಲ್ಲಿ ‘ಟ್ರಿಣ್ ಟ್ರಿಣ್’ ಎಂಬ ವ್ಯವಸ್ಥೆ ಬಂದಾಗ, ಕಾರ್ಡು ಇದ್ದವರಿಗೆ ಸೈಕಲ್ ಸಿಗುತ್ತಿತ್ತು. ಆ ಯಂತ್ರ ಕಾರ್ಡು ಕೇಳುತ್ತಿತ್ತು. ನಮ್ಮ ಅಂಗಡಿಯವನು ಕೇಳುತ್ತಿದ್ದದ್ದು ಒಂದೇ: “ಯಾರ ಮಗನೋ ನೀನು?” ಅಪ್ಪನ ಹೆಸರೇ ಠೇವಣಿ.

ಪೂರ್ವಪಕ್ಷ: ಹಾಗಾದರೆ ಸ್ವಂತ ಸೈಕಲ್ ಎಂಬುದೇ ಇಲ್ಲವೇ? ಸಿದ್ಧಾಂತ: ಇದೆ. ಪಂಚರಿನ ದುಡ್ಡು ಕೊಡುವವನು ಒಡೆಯ; ಸವಾರ ಯಾರು ಬೇಕಾದರೂ ಆಗಬಹುದು. ಪ್ರಯೋಗಕ್ಕೆ ಸರ್ಕಾರದ ಸೈಕಲ್ಲನ್ನೇ ನೋಡಿ. ಎಂಟನೇ ತರಗತಿ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ 2006-07ರಲ್ಲಿ ಶುರುವಾಗಿ, ಕೋವಿಡ್ ಕಾಲಕ್ಕೆ ನಿಂತಿತು. ಕಡತದ ಪ್ರಕಾರ ಒಂದು ಮಗುವಿಗೆ ಒಂದು ಸೈಕಲ್. ಮನೆಯ ಪ್ರಕಾರ ಬೆಳಗ್ಗೆ ಐದೂವರೆಗೆ ಅದು ಅಪ್ಪನ ಜೊತೆ ಡೇರಿಗೆ ಹಾಲು ಹಾಕಲು ಹೋಗುತ್ತಿತ್ತು, ಒಂಬತ್ತಕ್ಕೆ ಮಗಳ ಜೊತೆ ಹೈಸ್ಕೂಲಿಗೆ, ಸಂಜೆ ತಮ್ಮನ ಜೊತೆ ಟ್ಯೂಷನ್ನಿಗೆ, ಟ್ಯೂಷನ್ನಿನ ಹೆಸರಲ್ಲಿ ಕ್ರಿಕೆಟ್ಟಿಗೆ. ಬಾರ್ ಇಲ್ಲದ ಲೇಡೀಸ್ ಸೈಕಲ್ಲನ್ನು ಮೀಸೆ ಹೊತ್ತ ಗಂಡಸು ಪಂಚೆ ಎತ್ತಿ ಕಟ್ಟಿ ತುಳಿಯುವುದನ್ನು ಕಂಡು ಈ ಭಾಗದಲ್ಲಿ ಈಗ ಯಾರೂ ನಗುವುದಿಲ್ಲ. ಯೋಜನೆಯ ಸಾಧನೆಗಳ ಪಟ್ಟಿಯಲ್ಲಿ ಇದನ್ನು ಸೇರಿಸಬೇಕಿತ್ತು.

ಹುಡುಗಿಯರ ‘ಸಾಲು ಸವಾರಿ’ ಈ ಸರ್ಕಾರಿ ಸೈಕಲ್ಲಿನದೇ ಉಪಭೇದ. ಮೂವರು ಅಕ್ಕಪಕ್ಕ, ರಸ್ತೆಯ ಮುಕ್ಕಾಲು ಪಾಲು, ಮಾತು ಪೂರ್ತಿ. ಹಿಂದಿನಿಂದ ಬಸ್ಸು ಹಾರ್ನ್ ಹಾಕಿದರೆ ಮಾತು ತುಂಡಾಗದಂತೆ ಒಬ್ಬರ ಹಿಂದೊಬ್ಬರಾಗುತ್ತಾರೆ. ಬಸ್ಸು ದಾಟಿದ ಮರುಗಳಿಗೆ ಸಾಲು ಮತ್ತೆ ಅಡ್ಡ. ತಮಿಳುನಾಡಿನ ಪುದುಕ್ಕೋಟೆಯಲ್ಲಿ 1990ರ ದಶಕದ ಆರಂಭದಲ್ಲಿ ಸಾಕ್ಷರತಾ ಆಂದೋಲನದವರು ಸಾವಿರಾರು ಹೆಂಗಸರಿಗೆ ಸೈಕಲ್ ಕಲಿಸಿದಾಗ ಅದೊಂದು ದೊಡ್ಡ ಸುದ್ದಿ. ನ್ಯಾಮತಿ ರಸ್ತೆಯ ಈ ಸಾಲು ಯಾರಿಗೂ ಸುದ್ದಿಯಲ್ಲ, ಬಸ್ ಡ್ರೈವರನಿಗೆ ಹೊರತು.

ಸೂತ್ರ 2: ಸರಕು ಬೆಟ್ಟೆ ರಾಶಿ ಗೊರಬಲೆಂದು ನಾಲ್ದೆಱಂ.

ವೃತ್ತಿ: ಅಡಿಕೆ ನಾಡಿನಲ್ಲಿ ದರ್ಜೆ ಕಟ್ಟಲು ಅಡಿಕೆಯ ಈ ನಾಲ್ಕು ದರ್ಜೆ ಬಿಟ್ಟು ಬೇರೆ ಮಾಪನ ಹುಡುಕಬೇಕಿಲ್ಲ. ‘ಸರಕು’ ಎಂದರೆ ಡೈನಮೋ, ಪೂರ್ತಿ ಚೈನ್ ಕವರು, ಕುಚ್ಚಿನ ಸೀಟ್ ಕವರು ಇರುವ ಹಳೆಯ ರ‍್ಯಾಲಿ, ಹರ್ಕ್ಯುಲಿಸ್; ಮೇಷ್ಟರದು, ಪೋಸ್ಟ್‌ಮ್ಯಾನನದು. ಆಯುಧಪೂಜೆ ದಿನ ಕಾರಿಗಿಂತ ಮೊದಲು ಇದಕ್ಕೆ ವಿಭೂತಿ, ಚೆಂಡುಹೂವು. ‘ಬೆಟ್ಟೆ’ ದುಡಿಯುವ ಸೈಕಲ್: ಕ್ಯಾರಿಯರಿಗೆ ಕಬ್ಬಿಣದ ಸರಳು ವೆಲ್ಡಿಂಗ್ ಮಾಡಿಸಿದ್ದು, ಹಾಲಿನ ಕ್ಯಾನು, ಹಸಿಹುಲ್ಲಿನ ಹೊರೆ ಹೊರುವುದು. ‘ರಾಶಿ’ ಮೇಲೆ ಹೇಳಿದ ಸರ್ಕಾರಿ ಸೈಕಲ್. ‘ಗೊರಬಲು’ ಮಡಗಾರ್ಡಿಲ್ಲದ್ದು, ಬ್ರೇಕಿಲ್ಲದ್ದು, ಹವಾಯಿ ಚಪ್ಪಲಿಯನ್ನು ಟೈರಿಗೆ ಒತ್ತಿ ನಿಲ್ಲಿಸುವುದು. ಅಡಿಕೆಗೂ ಇದಕ್ಕೂ ಒಂದು ವ್ಯತ್ಯಾಸವಿದೆ. ಗೊರಬಲು ಅಡಿಕೆ ಎಂದೂ ಸರಕಾಗದು. ಗೊರಬಲು ಸೈಕಲ್ಲು ಆಗಸ್ಟ್ 15ರಂದು ಕಡ್ಡಿಕಡ್ಡಿಗೂ ಬಣ್ಣದ ಕಾಗದ ಸುತ್ತಿಸಿಕೊಂಡು ಒಂದು ಬೆಳಗಿನ ಮಟ್ಟಿಗೆ ಸರಕಾಗುತ್ತದೆ.

ಸವಾರನಿಗೆ ಆಶ್ರಮಗಳೂ ನಾಲ್ಕೇ. ಬರೀ ತಳ್ಳುವುದು, ಒಳಪೆಡ್ಲು, ಬಾರಿನ ಮೇಲೆ, ಸೀಟಿನ ಮೇಲೆ. ಕಾಲು ಎಟುಕದ ಹುಡುಗ ಬಾರಿನ ಕೆಳಗಿನ ತ್ರಿಕೋನದಲ್ಲಿ ಬಲಗಾಲು ತೂರಿಸಿ, ಸೈಕಲ್ಲು ಒಂದು ಕಡೆ, ತಾನು ಇನ್ನೊಂದು ಕಡೆ ವಾಲಿಕೊಂಡು ಅರ್ಧರ್ಧ ಪೆಡಲು ಹೊಡೆಯುವ ಒಳಪೆಡ್ಲು ಇವುಗಳಲ್ಲಿ ಶ್ರೇಷ್ಠ. ದೊಡ್ಡವರ ಸೈಕಲ್ಲನ್ನು ಚಿಕ್ಕವರು ಎಗರಿಸಿಕೊಂಡು ಹೋಗುವ ಪದ್ಧತಿ ಇಲ್ಲದಿದ್ದರೆ ಈ ವಿದ್ಯೆ ಹುಟ್ಟುತ್ತಲೇ ಇರಲಿಲ್ಲ. ಸೂತ್ರ 1ಕ್ಕೆ ಇದಕ್ಕಿಂತ ಹೆಚ್ಚಿನ ಪ್ರಮಾಣ ಬೇಡ.

ಸೂತ್ರ 3: ಏಱದೆ ನೂಂಕುವುದುಂ ಸೈಕಲೇ.

ವೃತ್ತಿ: ಹತ್ತದೆ ತಳ್ಳುವುದೂ ಸೈಕಲ್ಲೇ. ಇದು ಜಗಳೂರು ಸೀಮೆಗೆ ವಿಶೇಷ. ಬೇಸಿಗೆಯಲ್ಲಿ ಕ್ಯಾರಿಯರಿನ ಎರಡು ಬದಿಗೆ ಎರಡೆರಡು ಪ್ಲಾಸ್ಟಿಕ್ ಕೊಡ, ಕೊರಳಿಗೆ ಕೊರಳು ಹಗ್ಗ ಬಿಗಿದು ನೇತುಹಾಕಿ, ಎಡಗೈ ಹ್ಯಾಂಡಲ್ ಮೇಲೆ, ಬಲಗೈ ಸೀಟಿನ ಮೇಲೆ ಇಟ್ಟು ತಳ್ಳುತ್ತಾರೆ. ನೀರು ಕುಲುಕಿದ ಕಡೆಗೆ ಸೈಕಲ್ಲು ವಾಲುತ್ತದೆ. ವಾಲುವ ಮೊದಲೇ ಸೊಂಟ ಕೊಟ್ಟು ತಡೆಯಬೇಕು. ತುಂಬಿದಾಗ ತಳ್ಳುವುದು ಹೆಂಗಸು, ಖಾಲಿಯಾದಾಗ ಲಡಲಡ ಸದ್ದು ಮಾಡಿಕೊಂಡು ನಲ್ಲಿಯವರೆಗೆ ತುಳಿದುಕೊಂಡು ಹೋಗುವುದು ಗಂಡುಹುಡುಗ. ಈ ಹಂಚಿಕೆಯನ್ನು ಯಾವ ಶಾಸ್ತ್ರ ವಿಧಿಸಿತೋ! ಶುದ್ಧ ನೀರಿನ ಘಟಕಗಳು ಬಂದ ಮೇಲೆ ಕ್ಯಾರಿಯರಿನ ಮೇಲೆ ಇಪ್ಪತ್ತು ಲೀಟರಿನ ಕ್ಯಾನು ಕೂತಿದೆ.

ಪಂಚರಿಗೂ ಇಲ್ಲಿ ಪ್ರಾದೇಶಿಕ ಭೇದವುಂಟು. ಪೇಟೆಯ ಪಂಚರು ಮೊಳೆಯಿಂದ, ಜಗಳೂರಿನದು ಬಳ್ಳಾರಿ ಜಾಲಿಯ ಮುಳ್ಳಿನಿಂದ. ಮೊಳೆ ಒಂದು ತೂತು ಮಾಡಿ ಸುಮ್ಮನಾಗುತ್ತದೆ. ಜಾಲಿ ಹಾಗಲ್ಲ: ಅಂಗಡಿಯವನು ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಅದ್ದಿ, ಗುಳ್ಳೆ ಏಳುವುದನ್ನು ನೋಡಿ, “ಒಂದಲ್ಲ ಅಣ್ಣಾ, ಮೂರೈತೆ” ಎನ್ನುತ್ತಾನೆ. ಅವನು ಟೈರಿನ ಒಳಮೈಯನ್ನು ಬೆರಳಿಂದ ಸವರಿ ಮುರಿದ ಮುಳ್ಳಿನ ತುದಿ ಹುಡುಕುವಾಗ ಮಾತಾಡಿಸಬಾರದು.

ಸೂತ್ರ 4: ಜಾಥಾ ಫೋಟೋಪರ್ಯಂತಂ.

ವೃತ್ತಿ: ಸ್ಪಷ್ಟ.

ಸೂತ್ರ 5: ಇೞಿಯದವಂ ಯೋಗಿ.

ವೃತ್ತಿ: ಕೆಳಗಿಳಿಯದವನೇ ಯೋಗಿ. ಟೀವಿ ಇನ್ನೂ ಮನೆಮನೆಗೆ ಬರದ ಕಾಲದಲ್ಲಿ ಊರ ಬಯಲಿಗೆ ಸೈಕಲ್ ಸರ್ಕಸ್ಸಿನವರು ಬರುತ್ತಿದ್ದರು. ನಡುವೆ ಒಂದು ಗಳ, ಅದಕ್ಕೊಂದು ಮೈಕು, ಸುತ್ತ ವೃತ್ತ. ಒಬ್ಬ ಸೈಕಲ್ ಹತ್ತಿದನೆಂದರೆ ಹಗಲೂ ರಾತ್ರಿ ಸುತ್ತುತ್ತಲೇ ಇರಬೇಕು, ದಿನಗಟ್ಟಲೆ. ಸೈಕಲ್ ಮೇಲೆಯೇ ಸ್ನಾನ, ಸೈಕಲ್ ಮೇಲೆಯೇ ಊಟ, ಓಡುತ್ತಿದ್ದ ಹಾಗೇ ಬಗ್ಗಿ ನೆಲದ ಮೇಲಿನ ನೋಟನ್ನು ಬಾಯಿಂದ ಎತ್ತುವುದು. ಸಂಜೆ ಅದರ ಜೊತೆಗೆ ಡ್ಯಾನ್ಸು, ಎದೆಯ ಮೇಲೆ ಟ್ಯೂಬ್‌ಲೈಟು ಒಡೆಯುವುದು. ಊರವರು ಅಂಗಿಗೆ ಪಿನ್ನು ಚುಚ್ಚಿ ನೋಟು ಸಿಕ್ಕಿಸುತ್ತಿದ್ದರು. ಕೊನೆಯ ದಿನ ಅಂಗಿಯೇ ಕಾಣುತ್ತಿರಲಿಲ್ಲ.

ಪೂರ್ವಪಕ್ಷ: ನಡುರಾತ್ರಿ ಇಳಿಯುತ್ತಾನೆ, ಮಲಗುತ್ತಾನೆ. ಪ್ರತಿ ಊರಲ್ಲೂ ಹೀಗೆ ವಾದಿಸುವ ಒಬ್ಬ ನಾಸ್ತಿಕನಿದ್ದ. ಆತ ಹುಡುಗರನ್ನು ಕಟ್ಟಿಕೊಂಡು ರಾತ್ರಿ ಎರಡು ಗಂಟೆಗೆ ಪರೀಕ್ಷೆಗೆ ಹೋಗುತ್ತಿದ್ದ. ಸವಾರ ಕಂಬಳಿ ಹೊದ್ದು, ಕಣ್ಣು ಅರ್ಧ ಮುಚ್ಚಿ, ನಿಧಾನವಾಗಿ ಸುತ್ತುತ್ತಿರುತ್ತಿದ್ದ. “ಬೀಡಿ ಐತೇನ್ರಿ?” ಎಂದು ಅವನು ಕೇಳಿದರೆ ನಾಸ್ತಿಕನೇ ಹಚ್ಚಿ, ಪಕ್ಕದಲ್ಲಿ ಓಡುತ್ತ ಬಾಯಿಗಿಡಬೇಕು. ಹೀಗೆ ಎಷ್ಟೋ ನಾಸ್ತಿಕರು ಭಕ್ತರಾದರು.

ಸೂತ್ರ 6: ಕಡೆಯೊಳ್ ಬಂದವನೇ ಗೆಲ್ದಂ.

ವೃತ್ತಿ: ಕೊನೆಗೆ ಬಂದವನೇ ಗೆದ್ದವನು. ಗಣಪತಿ ಹಬ್ಬಕ್ಕೋ ರಾಜ್ಯೋತ್ಸವಕ್ಕೋ ಯುವಕ ಸಂಘದವರು ಇಡುವ ನಿಧಾನ ಸೈಕಲ್ ಸ್ಪರ್ಧೆಯೇ ಈ ಶಾಸ್ತ್ರದ ಶಿಖರ. ದೊಡ್ಡ ನಗರಗಳಲ್ಲಿ ಸೈಕಲ್ಲಿನ ಸಂತೋಷಕ್ಕೆ ರಸ್ತೆಯನ್ನೇ ಖಾಲಿ ಮಾಡಿಸಬೇಕು. ಕೊಲಂಬಿಯಾದ ಬೊಗೊಟಾದಲ್ಲಿ 1974ರಿಂದ ಅದು ನಡೆದಿದೆ, ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ 2013ರಲ್ಲಿ ‘ಸೈಕಲ್ ದಿನ’ ಶುರುವಾಯಿತು. ಹೊನ್ನಾಳಿಗೆ ಒಂದು ಬುಟ್ಟಿ ಸುಣ್ಣದ ಪುಡಿ ಸಾಕು. ಐದಾರು ಪಟ್ಟೆ ಎಳೆದರೆ ಕ್ರೀಡಾಂಗಣ ಸಿದ್ಧ.

ನಿಯಮ ಮೂರು: ಕಾಲು ನೆಲಕ್ಕೆ ತಾಗಬಾರದು, ಪಟ್ಟೆ ದಾಟಬಾರದು, ಹಿಂದಕ್ಕೆ ಬರಬಾರದು. ಜರ್ಮನಿಯ ಕಾರ್ಲ್ ಡ್ರೈಸ್ 1817ರಲ್ಲಿ ಮಾಡಿದ ಮೊದಲ ಎರಡು ಚಕ್ರದ ಗಾಡಿಗೆ ಪೆಡಲೇ ಇರಲಿಲ್ಲ, ನೆಲಕ್ಕೆ ಕಾಲು ಒದ್ದು ಓಡಿಸಬೇಕಿತ್ತು. ಪಾಪ, ನಮ್ಮಲ್ಲಿ ಸೀಟಿ ಊದುತ್ತಲೇ ಔಟ್.

ಜೋರಾಗಿ ಓಡುವ ಸೈಕಲ್ಲು ತಾನಾಗಿಯೇ ನೆಟ್ಟಗಿರುತ್ತದೆ. ಅದು ಹೇಗೆ ಎಂಬುದಕ್ಕೆ ಪಂಡಿತರಲ್ಲಿ ಇನ್ನೂ ಜಗಳವಿದೆ. ಚಕ್ರ ಬುಗುರಿಯಂತೆ ತಿರುಗುವುದೇ ಕಾರಣ ಎಂಬ ಹಳೆಯ ಮಾತಿಗೆ ಎದುರಾಗಿ, ಆ ಗುಣವನ್ನೇ ಕಳೆದು ಮಾಡಿದ ಸೈಕಲ್ಲೂ ಬೀಳದೆ ಓಡುತ್ತದೆಂದು 2011ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಕೆಲವು ಎಂಜಿನಿಯರುಗಳು ತೋರಿಸಿದರು. ನಿಧಾನವಾದಾಗ ಮಾತ್ರ ಸೈಕಲ್ಲು ಕೈಬಿಡುತ್ತದೆ. ಬೀಳದಿರುವ ಕೆಲಸವೆಲ್ಲ ಸವಾರನದೇ. ಬೀಳುವ ಕಡೆಗೇ ಹ್ಯಾಂಡಲ್ ತಿರುಗಿಸಿ ಚಕ್ರವನ್ನು ಮೈಯ ಅಡಿಗೆ ತರಬೇಕು. ಫ್ರೀವೀಲ್ ಇರುವುದರಿಂದ ಹಿಂದಕ್ಕೆ ತುಳಿದು ಪ್ರಯೋಜನವಿಲ್ಲ. ಹಿಂದಿನ ಬ್ರೇಕನ್ನು ಅರ್ಧ ಹಿಡಿದು, ಅದರ ವಿರುದ್ಧವೇ ಕಾಲು ಸುತ್ತು ಪೆಡಲು ಒತ್ತಿ, ಬಿಟ್ಟು, ಒತ್ತಿ, ಹೀಗೆ. ಮುಂದಿನ ಚಕ್ರ ಹಾವಿನ ಹೆಡೆಯಂತೆ ಆ ಕಡೆ ಈ ಕಡೆ ಆಡುತ್ತದೆ. ಅನುಭವಿಗಳು ಸೀಟು ಇಳಿಸಿಕೊಂಡು, ಟೈರಿನ ಗಾಳಿ ಸ್ವಲ್ಪ ಬಿಟ್ಟುಕೊಂಡು ಬರುತ್ತಾರೆ. ಹೊಸಬ ಬ್ರೇಕ್ ಪೂರ್ತಿ ಹಿಡಿಯುತ್ತಾನೆ, ಪಕ್ಕದವನ ಪಟ್ಟೆಗೆ ಮಗುಚುತ್ತಾನೆ, ಅವನನ್ನೂ ಕರೆದುಕೊಂಡು ಬೀಳುತ್ತಾನೆ.

ನೋಡುವವರ ಗದ್ದಲ ಇನ್ನೂ ಚೆಂದ. “ಹೋಗಬ್ಯಾಡಲೇ! ನಿಲ್ಲು! ಅಯ್ಯೋ, ಯಾಕಿಷ್ಟು ಜೋರಾಗಿ ಹೊಂಟಿ!” ವರ್ಷವಿಡೀ ಮಕ್ಕಳಿಗೆ “ಮುಂದೆ ಬಾ, ಮುಂದೆ ಬಾ” ಎನ್ನುವ ಮೇಷ್ಟರೇ ಅಂದು ಪಟ್ಟೆಯ ಪಕ್ಕ ನಿಂತು “ಹಿಂದುಳಿಯೋ ಮಾರಾಯ” ಎಂದು ಕೂಗುತ್ತಾರೆ. ಇಲ್ಲಿ ಹದಿನೆಂಟರ ಹುಡುಗನನ್ನು ಐವತ್ತೈದರ ಹಾಲಿನವನು ಸಲೀಸಾಗಿ ಸೋಲಿಸುತ್ತಾನೆ. ದಿನವೂ ತುಂಬಿದ ಕ್ಯಾನಿನೊಂದಿಗೆ ಎಮ್ಮೆ ಹಿಂಡಿನ ಹಿಂದೆ ತುಳಿದ ತಪಸ್ಸು ಅದು. ಅವನು ಸ್ಪರ್ಧೆಗೆ ತಂದ ಸೈಕಲ್ಲು ಎಂಟನೇ ಕ್ಲಾಸಿನ ಮಗಳದು. ಬಹುಮಾನ ಸ್ಟೀಲ್ ಡಬ್ಬಿಯೋ ಪ್ಲಾಸ್ಟಿಕ್ ಬಕೆಟ್ಟೋ, ಯಾವುದಾದರೂ ಮನೆಗೆ ಹೋಗುವುದು ಅದೇ ಕ್ಯಾರಿಯರಿನ ಮೇಲೆ.

ಶೇಷ: ಈಚೆಗೆ ಬೆಳಗಿನ ಹೊತ್ತು ಹೊನ್ನಾಳಿ ರಸ್ತೆಯಲ್ಲಿ ಹೆಲ್ಮೆಟ್ಟು, ಕಪ್ಪು ಕನ್ನಡಕ, ಮೈಗಂಟಿದ ಬಟ್ಟೆಯ ಗೇರ್ ಸೈಕಲ್ ಸವಾರರು ಕಾಣಿಸುತ್ತಿದ್ದಾರೆ. ಇದು ಯಾವ ವರ್ಗ? ಬೆಂಚಿನ ವಿದ್ವಾಂಸರು ಒಮ್ಮತಕ್ಕೆ ಬಂದಿಲ್ಲ. ಬೈಕಿಗಿಂತ ದುಬಾರಿಯಾದ್ದನ್ನು ಸೈಕಲ್ ಎನ್ನಬಾರದು ಎಂಬುದು ಒಂದು ಪಕ್ಷ. ಸೂತ್ರ 1ರಂತೆ ಪರೀಕ್ಷಿಸಿಯೇ ಹೇಳಬೇಕು ಎಂಬುದು ಇನ್ನೊಂದು. ಪರೀಕ್ಷೆ ತಾನಾಗಿಯೇ ನಡೆಯಿತು. ಅಂಥ ಒಬ್ಬರು ಚಹಾಕ್ಕೆಂದು ಇಳಿದು, ಸೈಕಲ್ಲನ್ನು ಬೇವಿನ ಮರಕ್ಕೆ ಒರಗಿಸಿದ್ದರು. ಹತ್ತು ವರ್ಷದವನೊಬ್ಬ ಅದರ ಸುತ್ತ ಎರಡು ಸಲ ಸುತ್ತಿ, ಗೇರಿನ ಹಲ್ಲುಗಳನ್ನು ಮುಟ್ಟಿ ನೋಡಿ, “ಅಣ್ಣಾ, ಒಂದ್ ರೌಂಡ್ ಕೊಡ್ತೀರಾ?” ಎಂದ. ಅವರು ಒಂದು ಕ್ಷಣ ಲೋಟ ಹಿಡಿದು ಯೋಚಿಸಿ, “ತಗೋ, ಆ ಮೂಲೆ ತನಕ ಅಷ್ಟೇ” ಎಂದರು. ಬಾರು ಇಳಿಜಾರಾಗಿದ್ದರಿಂದ ಒಳಪೆಡ್ಲಿಗೆ ತ್ರಿಕೋನ ಸಾಲದು. ಹುಡುಗ ಸೀಟು ಬಿಟ್ಟು ನಿಂತೇ ತುಳಿದು, ಮೂಲೆ ದಾಟಿ, ಕಾಣದಷ್ಟು ದೂರ ಹೋಗಿ, ಇವರ ಎರಡನೇ ಚಹಾ ಮುಗಿಯುವ ಹೊತ್ತಿಗೆ ಬೆವರಿಳಿಸಿಕೊಂಡು ವಾಪಸು ಬಂದ. ಇಳಿದು, ಸ್ಟ್ಯಾಂಡು ಹಾಕಲು ಕಾಲಲ್ಲಿ ತಡಕಾಡಿದ. ಸಿಗಲಿಲ್ಲ. ಹಿಂದೆ ನೋಡಿದ, ಮುಂದೆ ನೋಡಿದ, ಹ್ಯಾಂಡಲ್ ನೋಡಿದ. ಆಮೇಲೆ ಬಹಳ ಕನಿಕರದಿಂದ ಕೇಳಿದ: “ಸ್ಟ್ಯಾಂಡಿಲ್ಲ, ಕ್ಯಾರಿಯರಿಲ್ಲ, ಬೆಲ್ಲೂ ಇಲ್ಲ. ಎಲ್ಲಾ ಮಾರ್ಕೊಂಡ್ರೇನಣ್ಣಾ?”